ಟೌನ್ ಹಾಲ್‌ನಲ್ಲಿ ಆರು ಸಾವಿರ ಕೊಳವೆಗಳ ವಾದ್ಯ ಯಾಕಿದೆ?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಡುಮಧ್ಯೆ ಒಂದು ಟೌನ್ ಹಾಲ್ ಇದೆ. ಸುತ್ತಲೂ ಎತ್ತರದ ಕಂಬಗಳು. ರೋಮ್‌ನಲ್ಲಿದ್ದ ಒಂದು ಹಳೆಯ ದೇವಾಲಯದ ಮಾದರಿಯಲ್ಲಿ ಕಟ್ಟಿದ್ದು. ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನದ ಮುಂದೆ ಓಡಾಡಿದವರಿಗೆ ಇಂಥ ಕಂಬಗಳ ಕಟ್ಟಡ ಹೊಸದೇನಲ್ಲ. ಒಳಗೆ ಹೋದಾಗ ಮಾತ್ರ ಕಣ್ಣು ಒಂದು ಕಡೆ ನಿಂತುಬಿಡುತ್ತದೆ. ವೇದಿಕೆಯ ಹಿಂದೆ ಗೋಡೆಯುದ್ದಕ್ಕೂ ಒಂದೇ ವಾದ್ಯ. ಅದು ಪೈಪ್ ಆರ್ಗನ್. ಸುಮಾರು 6,000 ಕೊಳವೆಗಳು. ದೊಡ್ಡವು 32 ಅಡಿಯವು, ಅಂದರೆ ಮೂರು ಅಂತಸ್ತಿನ ಮನೆಯಷ್ಟು ಎತ್ತರ.

ಆ ನಗರಕ್ಕೆ ಒಬ್ಬ ನಗರ ಆರ್ಗನ್ ವಾದಕರೂ ಇರುತ್ತಾರೆ. 1949ರಿಂದ 1982ರವರೆಗೆ ಜಾರ್ಜ್ ಥಾಲ್ಬೆನ್-ಬಾಲ್ ಅಲ್ಲಿ ನುಡಿಸಿದರು. 1983ರಲ್ಲಿ ಥಾಮಸ್ ಟ್ರಾಟರ್ ಬಂದರು. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಗಂಟೆಯ ಕಛೇರಿ ಇರುತ್ತದೆ. ಆಫೀಸಿನವರು, ನಿವೃತ್ತರು, ಸಂಗೀತದ ವಿದ್ಯಾರ್ಥಿಗಳು ಬಂದು ಕೂತು ಕೇಳಿ ಹೋಗುತ್ತಾರೆ.

ಆರ್ಗನ್ ಅಂದರೆ ಚರ್ಚಿನ ವಾದ್ಯ ಅಂತಲೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಹಾಗಿರುವಾಗ ಅದು ನಗರಸಭೆಯ ಕಟ್ಟಡಕ್ಕೆ ಯಾಕೆ ಬಂತು? ಒಂದು ಊರು ನೀರು, ದಾರಿ, ದೀಪದ ಜೊತೆಗೆ ಸಂಗೀತವನ್ನೂ ಜನರಿಗೆ ಕೊಡಬೇಕಾದ ಸೌಲಭ್ಯ ಅಂತ ಬಗೆದ ಕಾಲವೊಂದಿತ್ತು. ಆ ವಾದ್ಯ ಆ ಕಾಲದ್ದು. ನನಗೆ ಇದು ತುಂಬಾ ದೊಡ್ಡ ವಿಚಾರ ಅನ್ನಿಸುತ್ತದೆ. ಸಂಗೀತ ಕೇಳಿಸುವುದು, ಕೇಳುವುದನ್ನು ಕಲಿಸುವುದು, ಎರಡೂ ಅಲ್ಲಿ ಒಟ್ಟಿಗೇ ನಡೆದವು.

ಶುರುವಾಗಿದ್ದು ಒಂದು ಆಸ್ಪತ್ರೆಯಿಂದ. ಬರ್ಮಿಂಗ್‌ಹ್ಯಾಮ್‌ನ ಜನರಲ್ ಆಸ್ಪತ್ರೆ ಕಟ್ಟಲು ದುಡ್ಡು ಬೇಕಿತ್ತು. 1768ರಲ್ಲಿ ಅದಕ್ಕಾಗಿ ಒಂದು ಸಂಗೀತೋತ್ಸವ ಮಾಡಿದರು. ಮುಂದೆ ಅದು ಮೂರು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಉತ್ಸವವಾಗಿ ಬೆಳೆಯಿತು. ಜನ ಜಾಸ್ತಿಯಾದಂತೆ ಚರ್ಚು, ನಾಟಕಶಾಲೆ ಯಾವುದೂ ಸಾಲದಾಯಿತು. ಹೀಗೆ ಹುಟ್ಟಿದ್ದು ಟೌನ್ ಹಾಲ್. 1834ರ ಉತ್ಸವದೊಂದಿಗೆ ಅದರ ಬಾಗಿಲು ತೆರೆಯಿತು.

ಕಟ್ಟುವಾಗ ಕಷ್ಟ ಕಡಿಮೆ ಇರಲಿಲ್ಲ. ವಾಸ್ತುಶಿಲ್ಪಿಗಳಾದ ಜೋಸೆಫ್ ಹ್ಯಾನ್ಸಮ್ ಮತ್ತು ಎಡ್ವರ್ಡ್ ವೆಲ್ಚ್ ಕಾಮಗಾರಿಗೆ ತಾವೇ ಜಾಮೀನು ನಿಂತಿದ್ದರು. ಖರ್ಚು ಮೀರಿತು, ಇಬ್ಬರೂ ದಿವಾಳಿಯಾದರು. 1833ರಲ್ಲಿ ರಾಟೆ ಮುರಿದು ಜಾನ್ ಹೀಪ್, ವಿಲಿಯಂ ಬ್ಯಾಜರ್ ಎಂಬ ಇಬ್ಬರು ಕೆಲಸಗಾರರು ಸತ್ತರು. ಹತ್ತಿರದ ಸೇಂಟ್ ಫಿಲಿಪ್ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ. ಕಂಬದ ಬುಡದ ಆಕಾರದ ಕಲ್ಲೇ ಅದರ ಗುರುತು. ಹಾಲ್ ನೋಡಲು ಹೋದವರು ಅಲ್ಲಿಗೂ ಒಮ್ಮೆ ಹೋಗಿ ಬರಬೇಕು.

ಆರ್ಗನ್ ಮಾಡಿದವರು ಲಂಡನ್ನಿನ ವಿಲಿಯಂ ಹಿಲ್. ಆಮೇಲೆ ಎಷ್ಟೋ ಸಲ ಅದನ್ನು ಬಿಚ್ಚಿ, ಸೇರಿಸಿ, ಸರಿಪಡಿಸಿದ್ದಾರೆ. ಹಾಲ್ 1996ರಲ್ಲಿ ದುರಸ್ತಿಗೆ ಮುಚ್ಚಿ 2007ರಲ್ಲಿ ಮತ್ತೆ ತೆರೆಯಿತು.

ಈಗ ವಾದ್ಯದ ಒಳಗೆ ಹೋಗೋಣ. ಹಾರ್ಮೋನಿಯಂ ನೋಡಿದವರಿಗೆ ಅರ್ಧ ಆಗಲೇ ಗೊತ್ತು. ತಿದಿ ಗಾಳಿ ಒತ್ತುತ್ತದೆ, ಮನೆ (ಬೆರಳಿನಿಂದ ಒತ್ತುವ ಕೀ) ಒತ್ತಿದರೆ ಒಂದು ಸಣ್ಣ ಮುಚ್ಚಳ ತೆರೆದು ಗಾಳಿ ನುಗ್ಗುತ್ತದೆ, ನಾದ ಬರುತ್ತದೆ. ಆರ್ಗನ್ನಿನಲ್ಲೂ ಇದೇ. ಆದರೆ ಇಲ್ಲಿ ನಾದ ಬರುವುದು ಕೊಳವೆಗಳಿಂದ. ಒಂದು ಸ್ವರಕ್ಕೆ ಒಂದು ಕೊಳವೆ. ಕೊಳಲಿನ ಹಾಗೆ ತೂತು ಮುಚ್ಚಿ ಸ್ವರ ಬದಲಿಸುವಂತಿಲ್ಲ. 61 ಮನೆಗಳಿದ್ದರೆ ಒಂದು ಬಗೆಯ ನಾದಕ್ಕೇ 61 ಕೊಳವೆ ಬೇಕು. ಇನ್ನೊಂದು ಬಗೆಯ ನಾದ ಬೇಕಾ? ಇನ್ನೂ 61. ಹೀಗೆ ಸಾಲು ಸಾಲಾಗಿ ಸೇರಿ ಸಾವಿರಗಳಾಗುತ್ತವೆ.

ಕೊಳವೆಗಳಲ್ಲಿ ಎರಡು ಜಾತಿ. ಒಂದು ಕೊಳಲಿನ ಜಾತಿ. ಬಾಯಿಯ ಅಂಚಿಗೆ ಗಾಳಿ ಬಡಿದು ಒಳಗಿನ ಗಾಳಿಕಂಬ ಕಂಪಿಸುತ್ತದೆ. ಇನ್ನೊಂದು ರೀಡ್ ಜಾತಿ. ಬುಡದಲ್ಲಿ ಹಿತ್ತಾಳೆಯ ನಾಲಗೆ ಅದುರುತ್ತದೆ, ಮೇಲಿನ ಕೊಳವೆ ಆ ನಾದವನ್ನು ತಿದ್ದಿ ತುಂಬಿಸುತ್ತದೆ. ಕಹಳೆಯಂಥ, ಓಬೋ ಎಂಬ ಊದುವ ವಾದ್ಯದಂಥ ನಾದಗಳೆಲ್ಲ ರೀಡ್ ಕೊಳವೆಗಳಿಂದ ಬರುವುವು. ತವರ ಮತ್ತು ಸೀಸ ಬೆರೆಸಿದ ಲೋಹದ ಕೊಳವೆಗಳಿವೆ, ಮರದ ಚೌಕ ಕೊಳವೆಗಳೂ ಇವೆ.

ಉದ್ದ ಜಾಸ್ತಿಯಾದಷ್ಟೂ ಸ್ಥಾಯಿ ಇಳಿಯುತ್ತದೆ. 8 ಅಡಿಯ ತೆರೆದ ಕೊಳವೆ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. 16 ಅಡಿಯದ್ದು ಅದರ ಅರ್ಧ. 32 ಅಡಿಯದ್ದು ಸುಮಾರು 16. ಮನುಷ್ಯರ ಕಿವಿಗೆ ಸಾಮಾನ್ಯವಾಗಿ 20ಕ್ಕಿಂತ ಕೆಳಗಿನದು ಸ್ವರವಾಗಿ ಕೇಳುವುದಿಲ್ಲ. ಹಾಗಾದರೆ ಅಷ್ಟು ದೊಡ್ಡ ಕೊಳವೆ ಯಾಕೆ ಅಲ್ವಾ? ಅದು ಮೈಗೆ ಗೊತ್ತಾಗುತ್ತದೆ. ಕೂತ ಕುರ್ಚಿ, ನೆಲ, ಎದೆ ಸಣ್ಣಗೆ ನಡುಗುತ್ತವೆ. ಮೇಲಿನ ಸ್ವರಗಳಿಗೆ ಅಡಿಪಾಯ ಬಿದ್ದ ಅನುಭವವಾಗುತ್ತದೆ.

ಈ ಗಾಳಿಯ ವಿಷಯದಲ್ಲಿ ಒಂದು ಪ್ರಸಂಗ ಹೇಳಲೇಬೇಕು. ವಿದ್ಯುತ್ ಬರುವ ಮುಂಚೆ ತಿದಿ ಒತ್ತಲು ಆಳುಗಳಿರುತ್ತಿದ್ದರು. 1837ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಸಂಗೀತ ರಚನಕಾರ ಫೆಲಿಕ್ಸ್ ಮೆಂಡೆಲ್ಸನ್ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ, ಪ್ರಾರ್ಥನೆ ಮುಗಿದ ಮೇಲೆ ಆರ್ಗನ್ ನುಡಿಸುತ್ತಿದ್ದರು. ಜನ ಎದ್ದು ಹೋಗಲೇ ಇಲ್ಲ. ಬಾಗಿಲು ಹಾಕುವ ಹೊತ್ತು ಮೀರುತ್ತಿತ್ತು. ಅಲ್ಲಿನ ಸಿಬ್ಬಂದಿ ತಿದಿ ಒತ್ತುವವರನ್ನು ನಿಲ್ಲಿಸಿಬಿಟ್ಟರು. ಹಿಂದಿನ ಶತಮಾನದ ಜರ್ಮನ್ ರಚನಕಾರ ಬಾಖ್‌ನ ಎ ಮೈನರ್ ಫ್ಯೂಗ್ (ಒಂದೇ ಸಾಲನ್ನು ಹಲವು ಧ್ವನಿಗಳು ಒಂದರ ಹಿಂದೊಂದು ಹಿಡಿಯುವ ರಚನೆ) ಮುಗಿಯುವ ಹಂತದಲ್ಲೇ ಗಾಳಿ ನಿಂತು ವಾದ್ಯ ಮೂಕವಾಯಿತು. ಕೆಲವೇ ದಿನಗಳಲ್ಲಿ ಇನ್ನೊಂದು ಚರ್ಚಿನಲ್ಲಿ ಅವರು ಅದನ್ನು ಪೂರ್ತಿ ನುಡಿಸಿದರು. ಅದೇ ತಿಂಗಳು ಬರ್ಮಿಂಗ್‌ಹ್ಯಾಮ್ ಉತ್ಸವಕ್ಕೆ ಬಂದು ಟೌನ್ ಹಾಲ್ ಆರ್ಗನ್ನಿನಲ್ಲೂ ಬಾಖ್ ನುಡಿಸಿದರು. ಆಗಿನ ಇಂಗ್ಲೆಂಡಿನ ಬಹಳಷ್ಟು ಆರ್ಗನ್‌ಗಳಲ್ಲಿ ಕಾಲಿನಿಂದ ನುಡಿಸುವ ಪೂರ್ತಿ ಪೆಡಲ್ ಮಣೆ ಇರಲಿಲ್ಲ. ಬಾಖ್‌ಗೆ ಅದು ಬೇಕೇ ಬೇಕು. ಹಾಗಾಗಿ ಅಲ್ಲಿಯ ಜನರಿಗೆ ಈ ಸಂಗೀತ ಬಹುಪಾಲು ಹೊಸದಾಗಿತ್ತು. 1846ರಲ್ಲಿ ಮೆಂಡೆಲ್ಸನ್ ತಮ್ಮ ‘ಎಲೈಜಾ’ ಎಂಬ ದೊಡ್ಡ ಕೃತಿಯನ್ನು ಮೊದಲ ಸಲ ಹಾಡಿಸಿದ್ದೂ ಇದೇ ಹಾಲ್‌ನಲ್ಲಿ.

ವಾದಕರು ಕೂರುವ ಜಾಗದಲ್ಲಿ, ಎಡಕ್ಕೂ ಬಲಕ್ಕೂ ಸಾಲುಸಾಲು ಗುಬುಟುಗಳಿರುತ್ತವೆ. ಇವನ್ನು ಸ್ಟಾಪ್ ಅನ್ನುತ್ತಾರೆ. ಒಂದೊಂದು ಸ್ಟಾಪ್ ಎಳೆದಾಗ ಒಂದೊಂದು ಸಾಲಿನ ಕೊಳವೆಗೆ ಗಾಳಿಯ ದಾರಿ ತೆರೆಯುತ್ತದೆ. ಒಂದರ ಮೇಲೆ 8 ಅಂತ ಬರೆದಿರುತ್ತದೆ, ಆ ಸಾಲಿನ ಅತಿ ಉದ್ದದ ಕೊಳವೆ 8 ಅಡಿಯ ಲೆಕ್ಕದ್ದು ಅಂತ ಅರ್ಥ. ಅದನ್ನು ಎಳೆದು ಷಡ್ಜ ಒತ್ತಿದರೆ ಷಡ್ಜವೇ ಬರುತ್ತದೆ. 4 ಅಂತ ಬರೆದದ್ದು ಒಂದು ಸ್ಥಾಯಿ ಮೇಲಿನ ಷಡ್ಜ. 2 ಅಂದರೆ ಎರಡು ಸ್ಥಾಯಿ ಮೇಲೆ.

ಕೆಲವು ಸ್ಟಾಪ್‌ಗಳ ಮೇಲೆ 2⅔ ಅಂತಲೂ, 1⅗ ಅಂತಲೂ ಬರೆದಿರುತ್ತದೆ. ಸಂಗೀತ ಬಲ್ಲ ಕನ್ನಡಿಗರು ಇಲ್ಲಿ ಸ್ವಲ್ಪ ನಿಲ್ಲಬೇಕು. 2⅔ ಎಳೆದು ಷಡ್ಜ ಒತ್ತಿದರೆ ಕೇಳಿಸುವುದು ಮೇಲಿನ ಪಂಚಮ! 1⅗ ಎಳೆದರೆ ಇನ್ನೂ ಮೇಲಿನ ಅಂತರ ಗಾಂಧಾರ. ಒಂದೊಂದಾಗಿ ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಆದರೆ 8ರ ಜೊತೆ ಸೇರಿಸಿ ನುಡಿಸಿದಾಗ ಪಂಚಮವೂ ಗಾಂಧಾರವೂ ಬೇರೆಯಾಗಿ ಕೇಳುವುದಿಲ್ಲ. ಷಡ್ಜದೊಳಗೇ ಕರಗಿ ಹೋಗುತ್ತವೆ. ಬದಲಾಗುವುದು ಷಡ್ಜದ ಬಣ್ಣ. ಮೃದುವಾಗಿದ್ದದ್ದು ಹೊಳೆಯುತ್ತದೆ, ಸ್ವಲ್ಪ ಮೂಗಿನ ನಾದವೂ ಬರುತ್ತದೆ.

ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಷಡ್ಜದ ತಂತಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ಸ್ವಯಂಭೂ ಗಾಂಧಾರ, ಅದು ಇದೇ ಲೆಕ್ಕ. ಯಾವುದೇ ಸ್ವರದೊಳಗೆ ಅದರ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪಿಸುವ ಸಣ್ಣ ನಾದಗಳು ಅಡಗಿರುತ್ತವೆ. 8 ಅಡಿಯನ್ನು 3ರಿಂದ ಭಾಗಿಸಿದರೆ 2⅔. 5ರಿಂದ ಭಾಗಿಸಿದರೆ 1⅗. ತಂಬೂರಿ ಇವನ್ನೆಲ್ಲ ಒಂದೇ ತಂತಿಯಿಂದ ಎಬ್ಬಿಸುತ್ತದೆ. ಆರ್ಗನ್ ಮಾಡುವವರು ಅದನ್ನು ಬಿಡಿಬಿಡಿಯಾಗಿ ಕೊಳವೆಗಳಲ್ಲಿ ಇಟ್ಟು, ಎಷ್ಟು ಬೇಕೋ ಅಷ್ಟು ಬೆರೆಸುವ ಅಧಿಕಾರವನ್ನು ವಾದಕರಿಗೆ ಕೊಟ್ಟಿದ್ದಾರೆ. ಒಂದೇ ವಿದ್ಯೆಯನ್ನು ಎರಡು ನಾಡುಗಳು ಇಷ್ಟು ಬೇರೆ ದಾರಿಯಲ್ಲಿ ಕಂಡುಕೊಂಡವು ಅಂತ ಯೋಚಿಸಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹಾಗಾಗಿ ಆರ್ಗನ್ ವಾದಕರಿಗೆ ಕೆಲಸ ಎರಡಿರುತ್ತದೆ. ಸ್ವರ ನುಡಿಸುವುದು, ಮತ್ತು ಯಾವ ಸ್ವರ ಯಾವ ಬಣ್ಣದಲ್ಲಿ ಬರಬೇಕು ಅಂತ ತೀರ್ಮಾನಿಸುವುದು. ಯಾವ ಎರಡು ದೊಡ್ಡ ಆರ್ಗನ್ನೂ ಒಂದೇ ಥರ ಇರುವುದಿಲ್ಲ. ಹೊರಗಿನಿಂದ ಬಂದ ವಾದಕರು ಕಛೇರಿಗೆ ಮುಂಚೆ ಗಂಟೆಗಟ್ಟಲೆ ಖಾಲಿ ಹಾಲ್‌ನಲ್ಲಿ ಕೂತು ಇದನ್ನೇ ಗೊತ್ತುಮಾಡಿಕೊಳ್ಳುತ್ತಾರೆ. ಇನ್ನೊಂದು ತೊಡಕೂ ಇದೆ. ಮನೆಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ನಾದ ಅಷ್ಟೇ. ಏರಿಳಿತ ಬೇಕಾದರೆ ಸ್ಟಾಪ್ ಸೇರಿಸಬೇಕು, ತೆಗೆಯಬೇಕು. ಇಲ್ಲವೇ ಕೆಲವು ಕೊಳವೆಗಳನ್ನು ಇಟ್ಟಿರುವ ಮರದ ಕೋಣೆಯ ಪಟ್ಟಿಬಾಗಿಲುಗಳನ್ನು ಕಾಲಿನಿಂದ ತೆರೆದು ಮುಚ್ಚಬೇಕು.

ಕಾಲಿಗೆ ಬೇರೆ ಕೆಲಸವೂ ಇದೆಯಲ್ಲ. ಪೆಡಲ್ ಮಣೆಯಲ್ಲಿ ತುದಿಗಾಲು, ಹಿಮ್ಮಡಿ ಎರಡನ್ನೂ ಬಳಸಿ ನುಡಿಸುತ್ತಾರೆ. ಅದಕ್ಕೆಂದೇ ತೆಳು ಅಟ್ಟೆಯ ಶೂ ಇರುತ್ತವೆ. ಥಾಲ್ಬೆನ್-ಬಾಲ್ ಪಿಟೀಲು ವಾದಕ ಪಾಗನೀನಿಯ ಒಂದು ಧಾಟಿಯನ್ನು ತೆಗೆದುಕೊಂಡು ಬಹುತೇಕ ಕಾಲಿನಲ್ಲೇ ನುಡಿಸುವ ಕೃತಿಯನ್ನು ಬರೆದರು. ಕೈ ಸುಮ್ನೆ ಬೆಂಚಿನ ಮೇಲೆ, ಕಾಲುಗಳಿಂದ ಸರಸರ ಸ್ವರಗಳು. ಕೇಳುವುದರ ಜೊತೆ ನೋಡಲೇಬೇಕಾದದ್ದು.

ಮತ್ತೆ ಊರಿನ ವಿಷಯಕ್ಕೆ ಬರುತ್ತೇನೆ. 19ನೇ ಶತಮಾನದ ಬಹುಪಾಲು ಗ್ರಾಮಫೋನ್ ಇಲ್ಲ, ರೇಡಿಯೊ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ಈಗಿನ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿದ್ದೇ 1920ರಲ್ಲಿ. ಕಾರ್ಖಾನೆಯಲ್ಲಿ ಗುಂಡಿಯೋ ಪೆನ್ ನಿಬ್ಬೋ ಮಾಡುವ ಕೆಲಸಗಾರರಿಗೆ ಬೀಥೋವನ್‌ನ ಸಿಂಫನಿ ಎಲ್ಲಿ ಕೇಳಲು ಸಿಗಬೇಕು? ಎಪ್ಪತ್ತು ಎಂಬತ್ತು ಜನರ ಆರ್ಕೆಸ್ಟ್ರಾ ಕರೆಸುವುದು ದುಬಾರಿ. ಆರ್ಗನ್ ಇದ್ದರೆ ಒಬ್ಬರೇ ಸಾಕು. 1842ರಲ್ಲಿ ನೇಮಕವಾದ ಜೇಮ್ಸ್ ಸ್ಟಿಂಪ್ಸನ್ ದಶಕಗಳ ಕಾಲ ಅಲ್ಲಿ ಜನರಿಗಾಗಿ ನುಡಿಸಿದರು. ಲಿವರ್‌ಪೂಲ್‌ನ ಸೇಂಟ್ ಜಾರ್ಜ್ ಹಾಲ್‌ನಲ್ಲಿ 1855ರಿಂದ ಡಬ್ಲ್ಯು.ಟಿ. ಬೆಸ್ಟ್ ಇದೇ ಕೆಲಸ ಮಾಡಿದರು. ಆಪೆರಾ, ಸಿಂಫನಿಗಳನ್ನೆಲ್ಲ ಆರ್ಗನ್ನಿಗೆ ಒಗ್ಗಿಸಿ ಬರೆದುಕೊಂಡರು. ಪಿಟೀಲಿನ ಭಾಗಕ್ಕೆ ಒಂದು ಸ್ಟಾಪ್, ಕಹಳೆಗೆ ಇನ್ನೊಂದು. ಮೂಲದ ರುಚಿ ಪೂರ್ತಿ ಬರುವುದಿಲ್ಲ, ನಿಜ. ಆದರೆ ಸಾವಿರಾರು ಜನ ದೊಡ್ಡ ಸಂಗೀತವನ್ನು ಮೊದಲು ಕೇಳಿದ್ದು ಹೀಗೆ. ಇಂಥ ರೂಪಾಂತರಗಳನ್ನು ಕೀಳಾಗಿ ನೋಡಿದ ವಿಮರ್ಶಕರಿದ್ದರು. ನನಗೆ ಆ ವಾದಕರ ಮೇಲೇ ಗೌರವ ಜಾಸ್ತಿ.

ಇದೇ ಹಾಲ್‌ನಲ್ಲಿ ಮಾತಿನ ಕಾರ್ಯಕ್ರಮಗಳೂ ನಡೆದವು. 1853ರ ಡಿಸೆಂಬರ್‌ನಲ್ಲಿ ಚಾರ್ಲ್ಸ್ ಡಿಕನ್ಸ್ ತಮ್ಮ ಕ್ರಿಸ್‌ಮಸ್ ಕಥೆಯನ್ನು ಸಾರ್ವಜನಿಕರಿಗೆ ಮೊದಲು ಓದಿ ಹೇಳಿದ್ದು ಇಲ್ಲಿಯೇ. ಒಂದು ದಿನದ ಓದನ್ನು ದುಡಿಯುವ ಜನರಿಗೇ ಮೀಸಲಿಡಬೇಕು, ಟಿಕೆಟ್ ಕಡಿಮೆಯಿರಬೇಕು ಅಂತ ಅವರೇ ಕೇಳಿದರು. ಟಿಕೆಟ್ ಆರು ಪೆನ್ಸ್ ಆಯಿತು. ಆ ಕಾರ್ಯಕ್ರಮದ ಹಣ ಹೋಗಿದ್ದು ಊರಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ಒಂದು ವಿದ್ಯಾಸಂಸ್ಥೆಗೆ, ಬರ್ಮಿಂಗ್‌ಹ್ಯಾಮ್ ಅಂಡ್ ಮಿಡ್‌ಲ್ಯಾಂಡ್ ಇನ್‌ಸ್ಟಿಟ್ಯೂಟ್‌ಗೆ. ಅರ್ಧ ಶತಮಾನದ ಮೇಲೆ ಸಂಗೀತದ ಉಪನ್ಯಾಸಗಳೂ ಅಲ್ಲಿಗೆ ಬಂದವು. ರಿಚರ್ಡ್ ಪೇಟನ್ ಎಂಬವರು 10,000 ಪೌಂಡ್ ಕೊಟ್ಟು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಪ್ರಾಧ್ಯಾಪಕ ಪೀಠ ಮಾಡಿಸಿದರು. ಮೊದಲ ಪ್ರಾಧ್ಯಾಪಕರು ಇಂಗ್ಲಿಷ್ ಸಂಗೀತ ರಚನಕಾರ ಎಡ್ವರ್ಡ್ ಎಲ್ಗರ್ ಆಗಿರಬೇಕು ಅನ್ನುವುದು ಷರತ್ತು. 1905ರಲ್ಲಿ ಎಲ್ಗರ್ ಇಂಗ್ಲಿಷ್ ಸಂಗೀತದ ಭವಿಷ್ಯದ ಬಗ್ಗೆ ಮಾತು ಶುರು ಮಾಡಿದರು. ತಮ್ಮ ದೇಶದ ಸಂಗೀತವನ್ನು ಬಿಚ್ಚುಮನಸ್ಸಿನಿಂದ ಟೀಕಿಸಿದ್ದಕ್ಕೆ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಆ ಕೆಲಸ ಅವರಿಗೆ ಹಿಡಿಸಲಿಲ್ಲ, 1908ರಲ್ಲಿ ಬಿಟ್ಟರು.

ಇವತ್ತು ಅನೇಕ ಕಡೆ ಕಛೇರಿಗೆ ಮುಂಚೆ ಒಂದು ಸಣ್ಣ ಉಪನ್ಯಾಸ ಇಡುವ ರೂಢಿಯಿದೆ. ನಮ್ಮಲ್ಲಿ ಇದು ಅಪರಿಚಿತವೇನಲ್ಲ. 1905ರಲ್ಲಿ ಶುರುವಾದ ಬೆಂಗಳೂರು ಗಾಯನ ಸಮಾಜದ ಸಂಗೀತ ಸಮ್ಮೇಳನಗಳಲ್ಲಿ ಬೆಳಗಿನ ಪ್ರಾತ್ಯಕ್ಷಿಕೆಗಳು ಇರುತ್ತವಲ್ಲ, ಹಾಗೆಯೇ. ಹಾಡಿ ತೋರಿಸಿ, ನಿಲ್ಲಿಸಿ, ಬಿಡಿಸಿ ಹೇಳುವುದು.

ಆರ್ಗನ್ ಬಗ್ಗೆ ಅಂಥ ಉಪನ್ಯಾಸ ಹೇಗಿದ್ದರೆ ಚೆನ್ನ? ಬಾಖ್‌ನ ಜಿ ಮೈನರ್ ಸಣ್ಣ ಫ್ಯೂಗನ್ನು ತೆಗೆದುಕೊಳ್ಳೋಣ. ಕೃತಿ ಸಂಖ್ಯೆ 578. ಅದರ ಮೊದಲ ಸಾಲನ್ನು ನಮ್ಮ ಸ್ವರದಲ್ಲಿ ಹೇಳಬಹುದು: ಸ, ಪ, ಗ, ರಿ ಸ, ಗ ರಿ ಸ ನಿ, ರಿ, ಕೆಳಗಿನ ಪ. ಗಾಂಧಾರ ಸಾಧಾರಣ, ನಿಷಾದ ಕಾಕಲಿ. ಇದನ್ನು ಒಂದೆರಡು ಸಲ ಬಾಯಲ್ಲಿ ಹೇಳಿಕೊಂಡರೆ ನೆನಪಿನಲ್ಲಿ ಕೂತುಬಿಡುತ್ತದೆ.

ಫ್ಯೂಗಿನಲ್ಲಿ ಈ ಸಾಲು ಮೊದಲು ಒಂಟಿಯಾಗಿ ಮೇಲಿನ ಧ್ವನಿಯಲ್ಲಿ ಬರುತ್ತದೆ. ಮುಗಿಯುತ್ತಿದ್ದ ಹಾಗೆ ಎರಡನೇ ಧ್ವನಿ ಕೆಳಗಿನಿಂದ ಅದೇ ಸಾಲನ್ನು ಹಿಡಿಯುತ್ತದೆ, ಆದರೆ ಪಂಚಮವನ್ನೇ ಷಡ್ಜ ಮಾಡಿಕೊಂಡು. ಆಗ ಮೊದಲನೆಯದು ಸುಮ್ಮನಾಗುವುದಿಲ್ಲ, ಬೇರೆ ಮಾತಾಡುತ್ತಿರುತ್ತದೆ. ಮೂರನೆಯದು ಇನ್ನೂ ಕೆಳಗೆ, ಮತ್ತೆ ಮೂಲ ಷಡ್ಜದಿಂದ. ನಾಲ್ಕನೆಯದು ಕಾಲಿನಲ್ಲಿ, ಪೆಡಲ್ ಕೊಳವೆಗಳಿಂದ. ಈಗ ನಾಲ್ಕೂ ಧ್ವನಿಗಳು ಒಟ್ಟಿಗೆ ನಡೆಯುತ್ತಿವೆ. ಮುಂದೆ ಆ ಸಾಲು ಮಾಯವಾಗುತ್ತದೆ, ಎಲ್ಲೋ ನಡುವಿನ ಧ್ವನಿಯಲ್ಲಿ ಮತ್ತೆ ತಲೆಯೆತ್ತುತ್ತದೆ. ಕೇಳುವವರ ಕೆಲಸ ಅದನ್ನು ಹುಡುಕುವುದು. ಉಪನ್ಯಾಸಕರು ನಾಲ್ಕು ಧ್ವನಿಗಳನ್ನೂ ಬಿಡಿಬಿಡಿಯಾಗಿ ನುಡಿಸಿ ತೋರಿಸಿದ್ದರೆ ಇದು ಕಷ್ಟವೇ ಅಲ್ಲ. ತೋರಿಸದಿದ್ದರೆ ಹೊಸಬರಿಗೆ ಬರೀ ಸ್ವರಗಳ ಗುಂಪು ಕೇಳುತ್ತದೆ. ಇಪ್ಪತ್ತು ನಿಮಿಷದ ಮಾತು ಇಷ್ಟು ವ್ಯತ್ಯಾಸ ಮಾಡುತ್ತದೆ.

ಇನ್ನೂ ಸುಲಭದ ಬಾಗಿಲು ಬೇಕಾದರೆ ಬಾಖ್‌ನ ಎಫ್ ಮೇಜರ್ ಟೊಕಾಟಾ ಇದೆ. ಶುರುವಿನಲ್ಲಿ 54 ಅಳತೆಗಳ (ನಮ್ಮ ತಾಳದ ಆವರ್ತದಂಥವು) ಉದ್ದಕ್ಕೂ ಕಾಲು ಒಂದೇ ಸ್ವರವನ್ನು ಹಿಡಿದಿರುತ್ತದೆ. ಮೇಲೆ ಎರಡು ಧ್ವನಿಗಳು ಬೆನ್ನಟ್ಟಿ ಓಡುತ್ತವೆ. ಶ್ರುತಿ ಹಿಡಿದು ಕೇಳಿ ಬೆಳೆದ ನಮ್ಮ ಕಿವಿಗೆ ಇಲ್ಲಿ ತಕ್ಷಣ ನೆಲೆ ಸಿಗುತ್ತದೆ. ಆ ಸ್ವರ ಕೊನೆಗೂ ಕಾಲಿನಿಂದ ಬಿಟ್ಟು ಸರಿದಾಗ ಆಗುವ ಬದಲಾವಣೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿ ಮೈನರ್ ಪಸ್ಸಕಾಲ್ಯದಲ್ಲಿ ಕಾಲು ಎಂಟು ಅಳತೆಯ ಒಂದು ಸಾಲನ್ನು ಮೊದಲು ಒಂಟಿಯಾಗಿ ನುಡಿಸುತ್ತದೆ. ಆಮೇಲೆ ಅದೇ ಸಾಲಿನ ಮೇಲೆ 20 ಬಗೆಯ ವಿಸ್ತಾರ, ಕೊನೆಗೆ ಫ್ಯೂಗ್.

ಹಾಲ್ ಕೂಡ ವಾದ್ಯದ ಒಂದು ಭಾಗ ಅನ್ನುವುದನ್ನು ಮರೆಯಬಾರದು. ಕೊಳವೆಯ ನಾದ ಮನೆಯಿಂದ ಕೈ ತೆಗೆದ ಕೂಡಲೇ ನಿಂತುಹೋಗುತ್ತದೆ. ಅದನ್ನು ಎಳೆದು ಒಯ್ಯುವುದು ಗೋಡೆ, ಚಾವಣಿ. 1991ರಲ್ಲಿ ತೆರೆದ ಬರ್ಮಿಂಗ್‌ಹ್ಯಾಮ್‌ನ ಸಿಂಫನಿ ಹಾಲ್‌ನಲ್ಲಿ ಗೋಡೆಯ ಹಿಂದೆ ಖಾಲಿ ಕೋಣೆಗಳಿವೆ, ಅವಕ್ಕೆ ಭಾರಿ ಕಾಂಕ್ರೀಟ್ ಬಾಗಿಲುಗಳಿವೆ. ಬಾಗಿಲು ತೆರೆದರೆ ನಾದ ಒಳಹೊಕ್ಕು ತಿರುಗಿ ಬರುತ್ತದೆ, ಮಾರ್ದನಿ ಉದ್ದವಾಗುತ್ತದೆ. ಮಾತಿನ ಕಾರ್ಯಕ್ರಮಕ್ಕೆ ಮುಚ್ಚಿದರೆ ಸಾಕು. ಅಲ್ಲಿಗೂ 2001ರಲ್ಲಿ ಜರ್ಮನಿಯ ಕ್ಲೈಸ್ ಕಂಪನಿ ಸುಮಾರು 6,000 ಕೊಳವೆಗಳ ಆರ್ಗನ್ ಕಟ್ಟಿಕೊಟ್ಟಿತು. ಒಂದೇ ಊರು, ನಡೆದು ಹೋಗುವಷ್ಟು ದೂರದಲ್ಲಿ ಇಂಥ ಎರಡು ವಾದ್ಯ.

ಈ ಲೋಕಕ್ಕೂ ಮೈಸೂರಿಗೂ ಒಂದು ನಿಜವಾದ ನಂಟಿದೆ. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಕಲಿತವರು, ಪಿಯಾನೊ ನುಡಿಸುತ್ತಿದ್ದವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಲು ಆದದ್ದು ಮಹಾರಾಜರ ನೆರವಿನಿಂದ. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದ ಕಛೇರಿಗೂ ಹಣದ ಆಸರೆಯಾಗಿ ನಿಂತವರು ಅವರು. ಅದು ನಡೆದದ್ದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಆ ಹಾಲ್‌ನ ಆರ್ಗನ್ 1871ರದ್ದು, ಹೆನ್ರಿ ವಿಲಿಸ್ ಮಾಡಿದ್ದು. ಈಗ ಅದರಲ್ಲಿ 9,999 ಕೊಳವೆಗಳಿವೆ. ಲಂಡನ್ನಿಗೆ ಹೋದ ಕನ್ನಡಿಗರು ಇದನ್ನು ನೆನೆದು ಒಳಗೆ ಹೋದರೆ ಆ ಹಾಲ್ ಅಷ್ಟು ಪರದೇಶ ಅನ್ನಿಸುವುದಿಲ್ಲ.

ಮೊದಲ ಸಲ ಆರ್ಗನ್ ಕಛೇರಿಗೆ ಹೋಗುವವರಿಗೆ ಒಂದೆರಡು ಮಾತು. ನಮ್ಮ ಕಛೇರಿಯ ಹಾಗೆ ತಾಳ ಹಾಕುವುದು, ಭೇಷ್ ಅನ್ನುವುದು ಅಲ್ಲಿ ರೂಢಿಯಲ್ಲಿಲ್ಲ. ಒಂದು ಕೃತಿಯಲ್ಲಿ ಮೂರು ನಾಲ್ಕು ಭಾಗಗಳಿದ್ದರೆ ನಡುವೆ ಚಪ್ಪಾಳೆ ಹೊಡೆಯುವುದಿಲ್ಲ. ಗೊತ್ತಾಗದಿದ್ದರೆ ಪಕ್ಕದವರನ್ನು ನೋಡಿಕೊಂಡರಾಯಿತು. ತೀರಾ ಮುಂದಿನ ಸಾಲು ಬೇಡ, ನಾದ ಬೆರೆಯಲು ಸ್ವಲ್ಪ ದೂರ ಬೇಕು. ವಾದಕರ ಕಾಲು ಕಾಣುವ ಪಕ್ಕದ ಗ್ಯಾಲರಿ ಸಿಕ್ಕರೆ ಬಿಡಬೇಡಿ. ಮುಂಚಿತವಾಗಿ ಉಪನ್ಯಾಸ ಇದ್ದರೆ ಖಂಡಿತ ಹೋಗಿ. ಇರದಿದ್ದರೆ, ಆ ದಿನದ ಕೃತಿಗಳಲ್ಲಿ ಒಂದನ್ನಾದರೂ ಹಿಂದಿನ ರಾತ್ರಿ ಮೂರು ಸಲ ಕೇಳಿ, ಅದರ ಮೊದಲ ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ. ಕೇಳುವಾಗ ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಪೆಡಲ್‌ನ ಸ್ವರಗಳು ಸರಿಯಾಗಿ ಬರುವುದೇ ಇಲ್ಲ. ಸಣ್ಣ ಫ್ಯೂಗಿನ ನಾಲ್ಕನೇ ಧ್ವನಿ ಬಂದದ್ದೇ ನಿಮಗೆ ಸರಿಯಾಗಿ ಗೊತ್ತಾಗುವುದಿಲ್ಲ.